ಗಂಟಲೇ ವಾದ್ಯವಾದಾಗ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಐವರು ಹುಡುಗರು 1909ರಲ್ಲಿ ಮೋರೀಸ್ ಎಂಬ ಊಟದ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಸೇರಿ ಹಾಡತೊಡಗಿದರು. ಪಕ್ಕವಾದ್ಯ ಇರಲಿಲ್ಲ. ಹೀಗೆ ಹುಟ್ಟಿದ್ದು ವಿಫೆನ್‌ಪೂಫ್ಸ್. ಆ ದೇಶದ ಕಾಲೇಜು ಅ ಕಪೆಲ್ಲಾ, ಅಂದರೆ ವಾದ್ಯವಿಲ್ಲದೆ ಹಾಡುವ, ತಂಡಗಳಲ್ಲಿ ಇದೇ ಹಳೆಯದು ಎನ್ನುತ್ತಾರೆ. ಪ್ರತಿ ವರ್ಷ ಹದಿನಾಲ್ಕು ಮಂದಿ ಹೊಸಬರು, ಕರಿ ಕೋಟು, ಬಿಳಿ ಟೈ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಮಾತ್ರ 2018ರಲ್ಲಿ. ತುಂಬಾನೇ ತಡವಾಯಿತು.

ಈಗ ಇಂಥ ತಂಡಗಳಲ್ಲಿ ಡ್ರಮ್ ಕೂಡ ಬಾಯಲ್ಲೇ. ತುಟಿ ಮುಚ್ಚಿ ಸಿಡಿಸುವ 'ಬ' ದೊಡ್ಡ ಡ್ರಮ್ ಆಗುತ್ತದೆ, ಹಲ್ಲಿನ ಹಿಂದಿನ 'ತ್ಸ್' ತಾಳದ ತಟ್ಟೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಶುರುವಾದ ಪೆನ್ ಮಸಾಲಾ ಹಿಂದಿ, ಇಂಗ್ಲಿಷ್ ಹಾಡುಗಳನ್ನು ಹೀಗೇ ಬೆಸೆಯುತ್ತದೆ.

ನನಗೆ ನಿಜಕ್ಕೂ ಸೋಜಿಗ ಅನಿಸುವುದು ಸ್ವರ ಕೂಡುವ ಬಗೆ. ಒಬ್ಬರು ಸೆಕೆಂಡಿಗೆ 220 ಕಂಪನದ ಷಡ್ಜ ಹಿಡಿದಿದ್ದಾರೆ ಅಂದುಕೊಳ್ಳಿ. ಅದರೊಳಗೇ 440, 660, 880, 1100 ಕಂಪನದ ಸಣ್ಣ ಸ್ವರಗಳೂ ಇರುತ್ತವೆ. ಇನ್ನೊಬ್ಬರು 275ರ ಗಾಂಧಾರ ಹಾಡಿದರೆ ಅದರ ನಾಲ್ಕು ಪಟ್ಟೂ 1100. ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ. ಮೂರನೆಯವರು 330ರ ಪಂಚಮ ಸೇರಿಸಿದರೆ 4:5:6ರ ಅನುಪಾತ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ಕೇಳುವ ಅಂತರ ಗಾಂಧಾರವೂ ಇದೇ ಲೆಕ್ಕದ್ದು.

ಕೀಬೋರ್ಡ್‌ಗೆ ಇದು ಆಗದು. ಎಲ್ಲ ಶ್ರುತಿಗೂ ಹೊಂದಬೇಕಲ್ವಾ, ಅದಕ್ಕೆ ಅಲ್ಲಿ ಗಾಂಧಾರ ಸುಮಾರು 277ಕ್ಕೆ ಏರಿರುತ್ತದೆ. ಷಡ್ಜದ ಜೊತೆ ಒತ್ತಿದರೆ ಸೆಕೆಂಡಿಗೆ ಒಂಬತ್ತು ಸಲದಷ್ಟು ಸಣ್ಣ ನಡುಕ ಕೇಳುತ್ತದೆ. ಹಾಡುವವರು ಆ ನಡುಕ ಅಳಿಯುವ ತನಕ ದನಿಯನ್ನು ಕೂದಲೆಳೆಯಷ್ಟು ಇಳಿಸಬಲ್ಲರು, ಅದೂ ಕಿವಿಯೊಂದನ್ನೇ ನಂಬಿ.

ಆದರೆ ಶುದ್ಧತೆಗೂ ಬೆಲೆ ಇದೆ. ಕೆಲವು ಮಾಮೂಲಿ ಸ್ವರಮೇಳಗಳ (ಒಟ್ಟಿಗೆ ಹಾಡುವ ಸ್ವರಗಳ ಗುಂಪುಗಳ) ಸರಣಿಯನ್ನು ಶುದ್ಧ ಅನುಪಾತದಲ್ಲೇ ಹಾಡುತ್ತಾ ಹೋದರೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ಷಡ್ಜ 81ರಿಂದ 80ಕ್ಕೆ ಇಳಿದಷ್ಟು ಕೆಳಗೆ ಜಾರಿರುತ್ತದೆ. ಐದು ಸುತ್ತಾದರೆ ಹೆಚ್ಚುಕಡಿಮೆ ಅರ್ಧ ಸ್ವರ! ಅದಕ್ಕೇ ಅಭ್ಯಾಸದಲ್ಲಿ ಹಾಡು ಮುಗಿದ ಕೂಡಲೇ ಶ್ರುತಿ ಕೊಡುವ ಪುಟ್ಟ ಪಿಚ್ ಪೈಪ್ ಊದಿ, ಎಷ್ಟು ಇಳಿದೆವು ಎಂದು ನೋಡಿಕೊಳ್ಳುತ್ತಾರೆ.