ದೇವರಿಗೇ ಹೇಳಿಕೊಂಡರೆ ಸಾಲದೇ? ಗುರುಗಳ ಮುಂದೆ ಏಕೆ?

ಪ್ರಶ್ನೆ: ನಾನು ಮಾಡಿದ ತಪ್ಪು ದೇವರಿಗೆ ಗೊತ್ತೇ ಇದೆ. ರಾತ್ರಿ ಮಲಗುವ ಮುನ್ನ ಮನಸಾರೆ ಕ್ಷಮೆ ಕೇಳುತ್ತೇನೆ. ಹೀಗಿರುವಾಗ ನನ್ನಂತೆಯೇ ಮನುಷ್ಯರಾದ ಚರ್ಚಿನ ಗುರುಗಳ (ಪಾದ್ರಿಗಳ) ಮುಂದೆ ಮಂಡಿಯೂರಿ ಅದನ್ನೇ ಮತ್ತೆ ಏಕೆ ಹೇಳಬೇಕು?

ಉತ್ತರ: ಆ ರಾತ್ರಿಯ ಪ್ರಾರ್ಥನೆಯನ್ನು ದಯವಿಟ್ಟು ಬಿಡಬೇಡಿ. ಅದು ವ್ಯರ್ಥವೆಂದು ಕಥೋಲಿಕ ಧರ್ಮಸಭೆ ಹೇಳುವುದಿಲ್ಲ. ದಿನನಿತ್ಯದ ಸಣ್ಣಪುಟ್ಟ ಪಾಪಗಳು ಪ್ರಾರ್ಥನೆಯಿಂದ, ದಾನಧರ್ಮದಿಂದ, ಚರ್ಚಿನ ಆರಾಧನೆಯಾದ ಬಲಿಪೂಜೆಯಲ್ಲಿ ಭಕ್ತಿಯಿಂದ ಪಾಲ್ಗೊಳ್ಳುವುದರಿಂದಲೂ ಕ್ಷಮೆ ಪಡೆಯುತ್ತವೆ. ಗುರುಗಳ ಮುಂದೆ ಪಾಪವನ್ನು ಹೇಳಿಕೊಳ್ಳುವ ಪಾಪನಿವೇದನೆ ಕಡ್ಡಾಯವಾಗುವುದು ಗಂಭೀರವಾದ ವಿಷಯದಲ್ಲಿ, ಅದು ತಪ್ಪೆಂದು ಪೂರ್ತಿ ತಿಳಿದೂ, ಸ್ವಂತ ಇಚ್ಛೆಯಿಂದಲೇ ಮಾಡಿದ ಮಾರಕ ಪಾಪಗಳಿಗೆ. ಅಲ್ಲಿಯೂ ಬಾಗಿಲು ಮುಚ್ಚಿಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 20ರಂದು, ಪೋಪ್ ಫ್ರಾನ್ಸಿಸ್ ಇದನ್ನು ನೆನಪಿಸಿದರು: ಗುರುಗಳು ಸಿಗದಿದ್ದರೆ ತಂದೆಯಾದ ದೇವರೊಡನೆಯೇ ಮಾತನಾಡಿ, ಸತ್ಯ ಹೇಳಿ, ಅವಕಾಶ ದೊರೆತಾಗ ನಿವೇದನೆಗೆ ಹೋಗುವೆನೆಂದು ಮಾತು ಕೊಡಿ, ಅವರ ಕೃಪೆ ಕೂಡಲೇ ನಿಮಗೆ ಮರಳುತ್ತದೆ. ಅವರು ಹೊಸದೇನನ್ನೂ ಹೇಳಲಿಲ್ಲ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪದ ಬಗ್ಗೆ ಧರ್ಮೋಪದೇಶದಲ್ಲಿ ಮೊದಲಿನಿಂದಲೂ ಇರುವ ಮಾತು ಅದು.

ಹಾಗಾದರೆ ಗುರುಗಳು ಏಕೆ ಬೇಕು? ದೇವರಿಗೆ ಸುದ್ದಿ ಮುಟ್ಟಿಸುವುದಕ್ಕಂತೂ ಅಲ್ಲ. ಬೈಬಲಿನಲ್ಲಿರುವ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಪುನರುತ್ಥಾನದ ದಿನದ ಸಂಜೆ, ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಶಿಷ್ಯರ ನಡುವೆ ಯೇಸು ಬಂದು ನಿಲ್ಲುತ್ತಾರೆ. ಅವರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ದೊರೆಯುತ್ತದೆ, ಯಾರ ಪಾಪಗಳನ್ನು ಉಳಿಸುತ್ತೀರೋ ಅವು ಉಳಿಯುತ್ತವೆ ಎನ್ನುತ್ತಾರೆ. ಕ್ಷಮಿಸಬೇಕೋ ಉಳಿಸಬೇಕೋ ಎಂದು ತೀರ್ಮಾನಿಸುವವನು ಕೇಳಿಸಿಕೊಳ್ಳಲೇಬೇಕು. ಪಾಪನಿವೇದನೆಯ ಇಡೀ ಸಂಸ್ಕಾರ ನಿಂತಿರುವುದು ಈ ಮಾತಿನ ಮೇಲೆ.

ಇನ್ನೊಂದು ಕಾರಣವಿದೆ, ನನಗೆ ಅದು ಹೆಚ್ಚು ಹತ್ತಿರ. ನಾನು ಸುಳ್ಳು ಹೇಳಿದರೆ ನೋಯುವವರು ನನ್ನ ಮನೆಯವರು. ನಾನು ಮೋಸ ಮಾಡಿದರೆ ನಷ್ಟ ನನ್ನ ನೆರೆಯವರಿಗೆ. ನನ್ನ ಪಾಪ ನನ್ನ ಮತ್ತು ದೇವರ ನಡುವಿನ ಖಾಸಗಿ ಲೆಕ್ಕವೆಂದು ನಾನು ಅಂದುಕೊಂಡರೂ ಅದರ ಪೆಟ್ಟು ಸಮುದಾಯಕ್ಕೆ ಬಿದ್ದಿರುತ್ತದೆ. ಬಲಿಪೂಜೆಯ ಆರಂಭದ ಪ್ರಾರ್ಥನೆಯಲ್ಲಿ ನಾವು ಸರ್ವಶಕ್ತ ದೇವರ ಮುಂದೆ ಮಾತ್ರವಲ್ಲ, ಪಕ್ಕದಲ್ಲಿ ನಿಂತ ಸಹೋದರ ಸಹೋದರಿಯರ ಮುಂದೆಯೂ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಗುರುಗಳು ಕ್ರಿಸ್ತರ ಹೆಸರಿನಲ್ಲಿ ಕುಳಿತಿರುವಂತೆಯೇ ಆ ಸಮುದಾಯದ ಪರವಾಗಿಯೂ ಕುಳಿತಿರುತ್ತಾರೆ.

ಮೊದಲ ಶತಮಾನಗಳಲ್ಲಿ ಈ ಸಾಮುದಾಯಿಕ ಮುಖ ಎಷ್ಟು ಕಠಿಣವಾಗಿತ್ತು ಎಂಬುದನ್ನು ನೋಡಿದರೆ ಇಂದಿನ ನಮ್ಮ ಸಂಕೋಚ ಚಿಕ್ಕದೆನಿಸುತ್ತದೆ. ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ಪಾಪ ಮಾಡಿದವರು ಧರ್ಮಾಧ್ಯಕ್ಷರ (ಬಿಷಪ್) ಬಳಿ ಅದನ್ನು ಒಪ್ಪಿಕೊಂಡು, ಪ್ರಾಯಶ್ಚಿತ್ತ ಮಾಡುವವರ ಸಾಲಿಗೆ ಎಲ್ಲರೆದುರು ಸೇರಬೇಕಿತ್ತು. ಬಲಿಪೂಜೆಯಲ್ಲಿ ಕೊಡುವ ಪರಮ ಪ್ರಸಾದವಿಲ್ಲ, ಉಪವಾಸ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುವಿಕೆ. ರೋಮಿನಲ್ಲಿ ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು ಅವರನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತಿದ್ದರು. ಇಂಥ ಅವಕಾಶ ಬದುಕಿನಲ್ಲಿ ಒಂದೇ ಬಾರಿ. ಹೀಗಾಗಿ ಅನೇಕರು ಅದನ್ನು ಸಾಯುವ ಹೊತ್ತಿನವರೆಗೂ ಮುಂದೂಡುತ್ತಿದ್ದರು. ಕೆಲವೆಡೆ ಪಾಪಗಳ ಪಟ್ಟಿಯನ್ನೇ ಜನರೆದುರು ಓದಿಸುವ ಪದ್ಧತಿ ಬಂದಾಗ ಪೋಪ್ ಮೊದಲನೆಯ ಲಿಯೋ 459ರಲ್ಲಿ ಅದನ್ನು ತಡೆದರು. ಗುಟ್ಟಾಗಿ ಗುರುಗಳಿಗೆ ಹೇಳಿದರೆ ಸಾಕೆಂದರು.

ಇಂದು ನಾವು ಕಾಣುವ, ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳುವ, ಮತ್ತೆ ಮತ್ತೆ ಮಾಡಬಹುದಾದ ನಿವೇದನೆಯನ್ನು ಯೂರೋಪಿನಲ್ಲಿ ಹರಡಿದವರು ಐರ್ಲೆಂಡಿನ ಸನ್ಯಾಸಿಗಳು, ಆರು-ಏಳನೇ ಶತಮಾನಗಳಲ್ಲಿ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದು ವಿಧಿಸಿತು. ಗುರುಗಳು ಕುಳಿತು ನಿವೇದನೆ ಕೇಳುವ, ಜಾಲರಿಯುಳ್ಳ ಮರದ ಪೀಠ ಬಂದದ್ದು ಇನ್ನೂ ತಡವಾಗಿ, 16ನೇ ಶತಮಾನದಲ್ಲಿ. ಮಿಲಾನಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಅದನ್ನು ಬಳಕೆಗೆ ತರಲು ಶ್ರಮಿಸಿದರು. ರೂಪ ಬದಲಾಗುತ್ತಾ ಬಂದಿದೆ. ಬಾಯಿಬಿಟ್ಟು ಹೇಳುವುದು ಉಳಿದಿದೆ.

ಬಾಯಿಬಿಟ್ಟು ಹೇಳುವುದರಲ್ಲಿ ಏನಿದೆ ಎಂಬುದನ್ನು ಅನುಭವದಿಂದಲೇ ಬಲ್ಲೆ. ಮನಸ್ಸಿನಲ್ಲೇ ಕ್ಷಮೆ ಕೇಳುವಾಗ ನನ್ನ ಪಾಪಕ್ಕೆ ಹೆಸರಿರುವುದಿಲ್ಲ. 'ಏನೋ ತಪ್ಪಾಯಿತು ದೇವರೇ' ಎಂದು ಮುಗಿಸಿಬಿಡುತ್ತೇನೆ. ಸ್ವಂತ ತಮ್ಮನೊಡನೆ ಮಾತು ಬಿಟ್ಟಿದ್ದ ದಿನಗಳಲ್ಲಿ ವರ್ಷಗಳ ಕಾಲ ಹಾಗೆಯೇ ಪ್ರಾರ್ಥಿಸಿದೆ. ಒಂದು ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಪ್ರಾಯಶ್ಚಿತ್ತದ ದಿನಗಳಲ್ಲಿ) ಜಾಲರಿಯ ಮುಂದೆ 'ನನ್ನ ತಮ್ಮನನ್ನು ದ್ವೇಷಿಸುತ್ತೇನೆ' ಎಂಬ ವಾಕ್ಯ ನನ್ನದೇ ದನಿಯಲ್ಲಿ ಹೊರಬಿದ್ದಾಗ ಬೆಚ್ಚಿದೆ. ಆಮೇಲೆ ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ಪಾಪ ಪರಿಹಾರವಾಯಿತೆಂಬ ಮಾತು ಕಿವಿಗೆ ಬಿತ್ತು. ಕ್ಷಮೆ ಸಿಕ್ಕಿರಬಹುದು ಎಂದು ಊಹಿಸುವುದೇ ಬೇರೆ, ಸಿಕ್ಕಿತೆಂದು ಕೇಳಿಸಿಕೊಳ್ಳುವುದೇ ಬೇರೆ.

ಗುರುಗಳೂ ನಮ್ಮಂತೆ ಮನುಷ್ಯರೇ ಎಂದು ನೀವು ಬರೆದಿರುವುದು ನಿಜ. ಯಾವ ಗುರುವೂ ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳಲಾರ, ಇನ್ನೊಬ್ಬ ಗುರುವಿನ ಮುಂದೆ ಮಂಡಿಯೂರಲೇಬೇಕು. 2014ರ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸ್ ಇತರರ ನಿವೇದನೆ ಕೇಳಲು ಹೋಗಬೇಕಿತ್ತು. ಅದಕ್ಕೆ ಮೊದಲು ಅವರು ನೇರವಾಗಿ ಇನ್ನೊಂದು ಪೀಠದತ್ತ ನಡೆದು, ಎಲ್ಲರೂ ನೋಡುತ್ತಿರುವಂತೆಯೇ, ಒಬ್ಬ ಸಾಮಾನ್ಯ ಗುರುವಿನ ಮುಂದೆ ಮೊಣಕಾಲೂರಿದರು.

ಹೇಳಿದ್ದು ಹೊರಗೆ ಹೋದೀತೆಂಬ ಭಯ ನಿಮ್ಮ ಪ್ರಶ್ನೆಯ ಹಿಂದೆ ಇದ್ದರೆ, ಗುರುಗಳು ಯಾವ ಕಾರಣಕ್ಕೂ ಅದನ್ನು ಬಯಲು ಮಾಡುವಂತಿಲ್ಲ. ನೇರವಾಗಿ ಬಯಲು ಮಾಡಿದವರು ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕೃತರಾಗುತ್ತಾರೆ. ಭಾಷೆ ಬಾರದ ಊರಿನಲ್ಲಿದ್ದರೆ ದುಭಾಷಿಯ ಮೂಲಕವೂ ನಿವೇದನೆ ಮಾಡಬಹುದು, ಆತನಿಗೂ ಗುಟ್ಟು ಕಾಯುವ ಹೊಣೆಯಿದೆ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ನಿಮ್ಮ ದನಿ ಚೆನ್ನಾಗಿ ಪರಿಚಿತವೆಂಬ ಮುಜುಗರವಿದ್ದರೆ ಪಕ್ಕದ ಊರಿನ ಚರ್ಚಿಗೆ ಹೋಗಿ. ಯಾರ ಬಳಿ ಹೇಳಬೇಕೆಂಬ ಆಯ್ಕೆಯನ್ನು ಧರ್ಮಸಭೆಯ ಕಾನೂನು ನಿಮಗೇ ಬಿಟ್ಟಿದೆ.