ಸ್ಟಾರ್ಟರ್ ಒತ್ತಬೇಡಿ, ಮೊದಲು ಪ್ಲಗ್ ಬಿಚ್ಚಿ

ಏಪ್ರಿಲ್ ಬಂತೆಂದರೆ ಇಂಗ್ಲೆಂಡಿನ ದಕ್ಷಿಣ ತೀರದ ನನ್ನ ವರ್ಕ್‌ಶಾಪಿನಲ್ಲಿ ಫೋನಿಗೆ ಬಿಡುವಿಲ್ಲ. ಚಳಿಗಾಲವೆಲ್ಲ ಟಾರ್ಪಾಲಿನಡಿ ಮಲಗಿದ್ದ ಬೋಟುಗಳನ್ನು ಜನ ಎಬ್ಬಿಸುವ ಹೊತ್ತು ಅದು. ಹಳೆಯ ರೇಸ್ ಬೋಟು ಇಟ್ಟುಕೊಂಡವರಿಂದ ಮತ್ತೆ ಮತ್ತೆ ಕೇಳುವ ಮಾತು ಒಂದೇ: “ಬ್ಯಾಟರಿ ಹೊಸದು. ಕೀಲಿ ತಿರುಗಿಸಿದರೆ ಧಡ್ ಅಂತ ಒಂದು ಸದ್ದು, ಅಷ್ಟೇ, ನಿಂತುಬಿಡುತ್ತೆ. ಇನ್ನೊಂದು ಸಲ ನೋಡಲಾ?”

ನೋಡಬೇಡಿ. ಆ ‘ಇನ್ನೊಂದು ಸಲ’ಕ್ಕೆ ಎಷ್ಟೋ ಒಳ್ಳೆಯ ಎಂಜಿನ್‌ಗಳು ಬಲಿಯಾಗಿವೆ.

ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಪಿಸ್ಟನ್ ಮೇಲೆ ಹೋಗಲಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಈ ಬೋಟುಗಳಲ್ಲಿ ಸಾಮಾನ್ಯವಾಗಿ ಸಿಗುವ, ಎಂಟು ಸಿಲಿಂಡರಿನ ಷೆವರ್ಲೆ 454 ವಿ-8 ಎಂಜಿನ್ನನ್ನೇ ತೆಗೆದುಕೊಳ್ಳಿ (454 ಅಂದರೆ ಘನ ಇಂಚಿನಲ್ಲಿ ಅದರ ಗಾತ್ರ). ಬೋರ್, ಅಂದರೆ ಸಿಲಿಂಡರಿನ ಅಡ್ಡಗಲ, 108 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 101.6 ಮಿ.ಮೀ. ಒಂದೊಂದು ಸಿಲಿಂಡರೂ ಒಂದು ಲೀಟರಿಗೆ ತುಸು ಕಮ್ಮಿ. ಪಿಸ್ಟನ್ ತುದಿ ಮುಟ್ಟಿದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 115 ಮಿಲಿ ಲೀಟರ್. ಅಂದರೆ ನಮ್ಮ ದರ್ಶಿನಿಗಳ ಕಾಫಿ ಲೋಟ ತುಂಬುವಷ್ಟು. ಅದಕ್ಕಿಂತ ತುಸು ಹೆಚ್ಚು ನೀರಿದ್ದು, ಸ್ಟಾರ್ಟರ್ ಮೋಟಾರಿನ ಬಲ ಹಾಕಿ ತಿರುಗಿಸಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ಮುಖ್ಯ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಹೊರಗೆ ಕಾಣುವುದಿಲ್ಲ. ಎಂಜಿನ್ ಕೆಲವು ತಾಸು ಓಡಿಬಿಡಲೂಬಹುದು. ಆಮೇಲೊಂದು ದಿನ ಆ ರಾಡ್ ಮುರಿದು ಬ್ಲಾಕಿನ ಗೋಡೆ ತೂತು ಮಾಡಿಕೊಂಡು ಹೊರಗೆ ಇಣುಕುತ್ತದೆ.

ಆದ್ದರಿಂದ ನಾನು ಹೋದ ಕೂಡಲೇ ಮಾಡುವ ಕೆಲಸ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚುವುದು. ತೂತುಗಳ ಮುಂದೆ ಹಳೆಯ ಟವೆಲ್ ಹಿಡಿದು, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ದೊಡ್ಡ ಸ್ಪಾನರ್ ಹಾಕಿ, ಕೈಯಲ್ಲೇ ನಿಧಾನ ತಿರುಗಿಸುತ್ತೇನೆ. ನೀರಿದ್ದರೆ ಪಿಚಕಾರಿಯಂತೆ ಹಾರುತ್ತದೆ. ನಾಲಿಗೆಗೆ ಒಂದು ಹನಿ ತಾಗಿಸಿದರೆ ಉಪ್ಪೋ ಸಿಹಿಯೋ ಗೊತ್ತಾಗುತ್ತದೆ. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟುಗಳ ಡೀಸೆಲ್ ಎಂಜಿನ್ ಬಿಚ್ಚುತ್ತಿದ್ದಾಗ ನಮ್ಮ ಮೇಸ್ತ್ರಿ ಕಲಿಸಿದ ಪರೀಕ್ಷೆ ಇದು. ಇಲ್ಲಿಯ ಹುಡುಗರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಉಪ್ಪಾದರೆ ನೀರು ಬಂದದ್ದು ಕಡಲಿಂದ, ಹೆಚ್ಚುಪಾಲು ಹೊಗೆಯ ದಾರಿಯಿಂದ. ಸಿಹಿಯಾದರೆ ಮಳೆ ನೀರು, ಹ್ಯಾಚ್ ಸೋರಿ ಕಾರ್ಬುರೇಟರ್ ಮೂಲಕ ಇಳಿದದ್ದು.

ಇವು ಎಂಥ ಬೋಟುಗಳು ಎಂದು ತುಸು ಹೇಳಬೇಕು. ತೆರೆದ ಕಡಲಿನಲ್ಲಿ ಮೋಟಾರ್ ಬೋಟುಗಳ ದೂರದ ಓಟ ಅಮೆರಿಕದಲ್ಲಿ ಹೆಸರಾದದ್ದು 1956ರಲ್ಲಿ ಶುರುವಾದ, ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಾಸೌವರೆಗಿನ ರೇಸಿನಿಂದ. 1960ರ ಓಟದಲ್ಲಿ ಕಡಲು ಅಬ್ಬರಿಸುತ್ತಿತ್ತು. ಡಿಕ್ ಬರ್ಟ್ರಮ್ ಅವರ ಸುಮಾರು 30 ಅಡಿಯ ‘ಮೋಪಿ’ ಎಂಬ ಮರದ ಬೋಟು ಎಂಟು ಗಂಟೆಯಲ್ಲಿ ದಡ ಮುಟ್ಟಿತು. ಎರಡನೆಯದು ಜಿಮ್ ವಿನ್ ಅವರ ಬೋಟು. ಮೂರನೆಯದು ಬಂದದ್ದು ಮಾರನೆಯ ದಿನ! ಮೊದಲೆರಡೂ ರೇ ಹಂಟ್ ಬರೆದ ನಕ್ಷೆಯವು: ತಳ ಚಪ್ಪಟೆಯಾಗದೆ ಹಿಂಬದಿಯವರೆಗೂ ಆಳವಾದ ‘ವಿ’ ಆಕಾರದಲ್ಲೇ ಇರುವಂಥವು. ಚಪ್ಪಟೆ ತಳ ಅಲೆಯ ಮೇಲೆ ಅಂಗೈಯಲ್ಲಿ ಬಾರಿಸಿದಂತೆ ಬೀಳುತ್ತದೆ, ಇದು ಕತ್ತಿಯಂತೆ ಇಳಿಯುತ್ತದೆ. 1961ರಲ್ಲಿ ಇಂಗ್ಲೆಂಡಿನಲ್ಲಿ ಕೌಸ್–ಟಾರ್ಕಿ ಓಟ ಆರಂಭವಾಯಿತು. ಅಮೆರಿಕದಲ್ಲಿ ಡಾನ್ ಅರೋನೋ ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ಸಿಗರೇಟ್ ಎಂದು ಒಂದರ ಹಿಂದೊಂದು ಬೋಟು ಕಂಪನಿ ಕಟ್ಟಿದರು.

ನನಗೆ ಅಚ್ಚುಮೆಚ್ಚಿನ ಹೆಸರು ಮಾತ್ರ ಬೋಟುಗಳ ನಕ್ಷೆ ಬರೆಯುತ್ತಿದ್ದ ಸನ್ನಿ ಲೇವಿ. ಹುಟ್ಟಿದ್ದು ಕರಾಚಿಯಲ್ಲಿ, ಬೋಟಿನ ಕೆಲಸಕ್ಕೆ ಕೈ ಹಾಕಿದ್ದು ಬೊಂಬಾಯಿಯಲ್ಲಿ, ಹೆಸರು ಮಾಡಿದ್ದು ಇಟಲಿಯಲ್ಲಿ. ಅವರ ‘ಸರ್ಫ್ಯೂರಿ’ ಬೋಟು 1967ರ ಕೌಸ್–ಟಾರ್ಕಿ ಗೆದ್ದಿತು. ಅದರಲ್ಲಿ ಎರಡು ಎಂಜಿನ್ ಒಂದರ ಹಿಂದೊಂದು ಕೂತು ಒಂದೇ ಫ್ಯಾನನ್ನು ತಿರುಗಿಸುತ್ತವೆ. (ಪ್ರೊಪೆಲ್ಲರಿಗೆ ಮಲ್ಪೆಯಲ್ಲಿ ನಾವು ಫ್ಯಾನ್ ಅನ್ನುವುದು. ಆ ರೂಢಿ ನನಗೆ ಬಿಟ್ಟಿಲ್ಲ.)

ಎಂಜಿನ್ ವಿಷಯಕ್ಕೆ ಬರೋಣ. ಇವುಗಳಲ್ಲಿ ಬಹುಪಾಲಿಗೆ ಇದ್ದದ್ದು ಅಮೆರಿಕದ ಕಾರಿನ ವಿ-8 ಎಂಜಿನ್ನೇ. ಫೋರ್ಡ್ 427, ಷೆವರ್ಲೆ 427, ಆಮೇಲೆ 454. ದೊಡ್ಡದು, ಅಗ್ಗ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಕಾರಿಗೆ ಘಾಟಿ ಹತ್ತುವಾಗ ಮಾತ್ರ ಬರುವ ಹೊರೆ ಬೋಟಿಗೆ ಹೊರಟಲ್ಲಿಂದ ಮುಟ್ಟುವವರೆಗೂ ಇರುತ್ತದೆ. ನೀರಿಗೆ ಇಳಿಜಾರು ಅಂತ ಇಲ್ಲವಲ್ಲ.

ನೀರು ಹೊಗೆಯ ದಾರಿಯಿಂದ ಹೇಗೆ ಒಳಗೆ ಬರುತ್ತದೆ ಎಂಬುದೇ ನನ್ನ ಕಸುಬಿನ ಅರ್ಧ. ಬೋಟಿನಲ್ಲಿ ಕೆಂಪಗೆ ಕಾಯುವ ಸೈಲೆನ್ಸರ್ ಇಟ್ಟರೆ ಬೆಂಕಿ ಗ್ಯಾರಂಟಿ. ಹಾಗಾಗಿ ಕಡಲ ನೀರನ್ನೇ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯೆಲ್ಲ ಕೂಡುವ ಕೊಳವೆಯ) ಸುತ್ತ ಹರಿಸಿ, ಅದರ ಮೇಲೆ ಕೂತ ರೈಸರ್ ಎಂಬ ಬಾಗಿದ ಕೊಳವೆ ದಾಟಿದ ಮೇಲೆ ಹೊಗೆಗೆ ಬೆರೆಸಿ ಹೊರಗೆ ಉಗುಳುತ್ತಾರೆ. ಎರಡೂ ಎರಕದ ಕಬ್ಬಿಣದವು. ಉಪ್ಪುನೀರು ಅವನ್ನು ಒಳಗಿಂದಲೇ ತಿನ್ನುತ್ತದೆ. ಹೊರಗೆ ಹೊಸ ಬಣ್ಣ, ಒಳಗೆ ಗೆದ್ದಲು ಹಿಡಿದ ಬಾಗಿಲಿನಷ್ಟು ಟೊಳ್ಳು. ಅಲ್ಲಿ ತೂತು ಬಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಉಪ್ಪುನೀರಲ್ಲಿ ಓಡುವ ಬೋಟಿಗೆ ಐದಾರು ವರ್ಷಕ್ಕೊಮ್ಮೆ ಇವನ್ನು ಬದಲಿಸಿ ಎನ್ನುವುದು ನಮ್ಮಲ್ಲಿನ ಲೆಕ್ಕ. ಮಾಲೀಕರು ಎಂಜಿನ್ ಮೇಲಿನ ಕ್ರೋಮ್ ಮುಚ್ಚಳಕ್ಕೆ ದುಡ್ಡು ಸುರಿಯುತ್ತಾರೆ, ರೈಸರ್ ಬಿಚ್ಚಿ ನೋಡಿ ಅಂದರೆ “ಮುಂದಿನ ವರ್ಷ” ಅನ್ನುತ್ತಾರೆ.

ಇನ್ನೊಂದು ದಾರಿ ಇನ್ನೂ ಕಳ್ಳದಾರಿ. ವಾಲ್ವುಗಳನ್ನು ತೆರೆಯುವ ದಂಡ ಕ್ಯಾಮ್ ಶಾಫ್ಟ್. ರೇಸಿನ ಕ್ಯಾಮ್ ಶಾಫ್ಟಿನಲ್ಲಿ ಗಾಳಿ ಬರುವ ಒಳವಾಲ್ವೂ ಹೊಗೆ ಹೋಗುವ ಹೊರವಾಲ್ವೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ವೇಗ ಏರಿದಾಗ ಇದರಿಂದ ಲಾಭವೇ. ಆದರೆ ಬಂದರಿನೊಳಗೆ ನಿಧಾನ ಹೋಗುವಾಗ ಪ್ರತಿ ಉಸಿರಿಗೂ ಹೊಗೆ ಒಂದಿಷ್ಟು ಹಿಂದಕ್ಕೆ ಎಳೆಯಲ್ಪಡುತ್ತದೆ. ಜೊತೆಗೆ ನೀರಿನ ತುಂತುರೂ. ಕಾರಿನ ರೇಸಿಗೆ ಮಾಡಿದ ಕ್ಯಾಮನ್ನು ಬೋಟಿಗೆ ಹಾಕಿದವರಿಗೆ ಇದು ಗೊತ್ತಾಗುವುದು ಹೆಡ್ ಬಿಚ್ಚಿದಾಗ. ಹೊರವಾಲ್ವಿನ ಸೀಟು ತುಕ್ಕು ಹಿಡಿದು, ಒಳವಾಲ್ವಿನದು ಹೊಳೆಯುತ್ತಿದ್ದರೆ ಕಳ್ಳ ಬಂದ ಬಾಗಿಲು ಯಾವುದೆಂದು ಬೇರೆ ಹೇಳಬೇಕಿಲ್ಲ.

ನೀರು ಹೊಕ್ಕದ್ದು ಅದೇ ದಿನ ತಿಳಿದರೆ ಎಂಜಿನ್ ಉಳಿಸಬಹುದು. ನೀರು ಉಗುಳಿಸಿ, ಸಿಲಿಂಡರಿಗೆ ಡೀಸೆಲ್ ಸುರಿದು ತಿರುಗಿಸಿ, ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ ಆಯಿಲ್ ಇಳಿಸಿ, ಹೊಸದು ತುಂಬಿ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಬೇಕು. ಒಂದು ವಾರ ಬಿಟ್ಟಿರಾ, ಪಿಸ್ಟನ್ ರಿಂಗು ಗೋಡೆಗೆ ಕಚ್ಚಿಕೊಂಡಿರುತ್ತದೆ.

ಎರಡು ವರ್ಷದ ಹಿಂದೆ ಬಂದ ಒಂದು ಜೋಡಿ ಎಂಜಿನ್ ಬೋಟು ನೆನಪಾಗುತ್ತದೆ. ಬೇರೊಂದು ಕಡೆ ಎರಡೂ ಎಂಜಿನ್ ಪೂರ್ತಿ ಕಟ್ಟಿಸಿ ತಂದಿದ್ದರು. ಬಲಗಡೆಯದು ಬೆಣ್ಣೆಯ ಹಾಗೆ ಓಡುತ್ತಿತ್ತು. ಎಡಗಡೆಯದರಲ್ಲಿ ತಣ್ಣಗಿದ್ದಾಗ ಟಕಟಕ ಸದ್ದು, ಹಿಂದಿನ ಸೀಲಿನಿಂದ ಆಯಿಲ್ ಸೋರಿಕೆ. ಸೀಲು ಎರಡು ಸಲ ಬದಲಿಸಿದ್ದಾಗಿತ್ತು.

ಜೋಡಿ ಫ್ಯಾನ್ ಒಂದೇ ಕಡೆ ತಿರುಗಿದರೆ ಬೋಟು ಒಂದು ಬದಿಗೆ ಎಳೆಯುತ್ತದೆ. ಹಾಗಾಗಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಈಗ ಆ ಕೆಲಸವನ್ನು ಗೇರ್ ಮಾಡುತ್ತದೆ. ಆ ಕಾಲದ ಕೆಲವು ಬೋಟುಗಳಲ್ಲಿ ಎಂಜಿನ್ನನ್ನೇ ಉಲ್ಟಾ ತಿರುಗುವಂತೆ ಕಟ್ಟುತ್ತಿದ್ದರು. ನೋಡಲು ಎರಡೂ ಅವಳಿ ಮಕ್ಕಳಂತೆ, ಒಳಗೆ ಮಾತ್ರ ಕನ್ನಡಿಯೊಳಗಿನ ಬಿಂಬ. ಷೆವರ್ಲೆಯಲ್ಲಿ ಸಿಲಿಂಡರುಗಳಿಗೆ ಬೆಂಕಿ ಹೊತ್ತುವ ಸರದಿ 1-8-4-3-6-5-7-2. ಉಲ್ಟಾ ಎಂಜಿನ್ನಿನಲ್ಲಿ 1-2-7-5-6-3-4-8. ಕ್ಯಾಮನ್ನು ತಿರುಗಿಸಲು ಸರಪಳಿ ಬದಲು ನೇರ ಹಲ್ಲುಚಕ್ರ ಇಡುತ್ತಿದ್ದರು. ಸರಪಳಿಯಾದರೆ ಕ್ರ್ಯಾಂಕೂ ಕ್ಯಾಮೂ ಒಂದೇ ದಿಕ್ಕು. ಹಲ್ಲಿಗೆ ಹಲ್ಲು ಕೂತರೆ ಒಂದಕ್ಕೊಂದು ವಿರುದ್ಧ. ಹೀಗೆ ಕ್ರ್ಯಾಂಕ್ ಉಲ್ಟಾ ತಿರುಗಿದರೂ ಕ್ಯಾಮ್ ಮಾಮೂಲಿ ದಿಕ್ಕಿಗೇ ಹೋಗಿ, ಅದರಿಂದ ಓಡುವ ಆಯಿಲ್ ಪಂಪು, ಡಿಸ್ಟ್ರಿಬ್ಯೂಟರ್ ಎರಡೂ ಸರಿಯಾಗಿ ತಿರುಗುತ್ತವೆ. ಎಷ್ಟು ಸರಳ, ಎಷ್ಟು ಚಂದ! ಕಟ್ಟಿದವರು ಇಷ್ಟನ್ನು ಸರಿಯಾಗಿಯೇ ಮಾಡಿದ್ದರು. ಎಡವಿದ್ದು ಸಣ್ಣದರಲ್ಲಿ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ ನಟ್ಟನಡುವೆ ಇರುವುದಿಲ್ಲ, ಕೂದಲೆಳೆಯಷ್ಟು ಒಂದು ಬದಿಗೆ ಸರಿದಿರುತ್ತದೆ, ಪಿಸ್ಟನ್ ಗೋಡೆಗೆ ಬಡಿಯದಿರಲಿ ಎಂದು. ತಿರುಗುವ ದಿಕ್ಕು ಬದಲಾದರೆ ಪಿಸ್ಟನ್ನನ್ನೂ ತಿರುಗಿಸಿ ಕೂರಿಸಬೇಕು. ತಿರುಗಿಸಿರಲಿಲ್ಲ. ಅದೇ ಟಕಟಕ. ಇನ್ನು ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ, ಸೀಲು ಕೂರುವಲ್ಲಿ, ಆಯಿಲನ್ನು ಒಳಕ್ಕೆ ತಳ್ಳಲೆಂದು ಓರೆ ಗೀರುಗಳಿರುತ್ತವೆ. ಇವರು ಹಾಕಿದ್ದು ಮಾಮೂಲಿ ಕ್ರ್ಯಾಂಕ್. ಉಲ್ಟಾ ತಿರುಗುವಾಗ ಅದೇ ಗೀರು ಆಯಿಲನ್ನು ಹೊರಕ್ಕೆ ಪಂಪು ಮಾಡುತ್ತಿತ್ತು. ಸೀಲು ನೂರು ಸಲ ಬದಲಿಸಿದರೂ ಸೋರುತ್ತಲೇ ಇರುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ನಾನು ಎಂಜಿನ್ ಕೂರಿಸಲು ಅವಸರ ಮಾಡುವುದಿಲ್ಲ. ಅದು ಕೂರುವ ಜಾಗ ನೋಡಬೇಕು. ಅರುವತ್ತು, ಎಪ್ಪತ್ತರ ದಶಕದ ಫೈಬರ್ ಬೋಟುಗಳಲ್ಲಿ ಎಂಜಿನ್ ಹೊರುವ ಉದ್ದ ತೊಲೆಗಳ ಒಳಗೆ ಇರುವುದು ಮರ. ಬೋಲ್ಟಿನ ತೂತಿನಿಂದ ನೀರಿಳಿದು ಮರ ಕೊಳೆತಿರುತ್ತದೆ, ಮೇಲಿನ ಫೈಬರ್ ಚಿಪ್ಪು ನೆಟ್ಟಗೇ ಇರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು, ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ. ಗಟ್ಟಿ ಇದ್ದಲ್ಲಿ ಟಣ್, ಕೊಳೆತಲ್ಲಿ ದಬ್. ದಬ್ ಅಂದಲ್ಲೆಲ್ಲ ಕೊಯ್ದು ತೆಗೆಯಬೇಕು. ತೆಳು ಹಲಗೆಗಳನ್ನು ಅಡ್ಡಡ್ಡ ಅಂಟಿಸಿ ಕಟ್ಟಿದ ಮರದ ಬೋಟಾದರೆ ಎಪಾಕ್ಸಿ ಎಂಬ ಗಟ್ಟಿ ಅಂಟು ಬಳಿಯುವ ಮೊದಲು ಮರದ ತೇವ ಶೇ 12ರ ಆಸುಪಾಸಿಗೆ ಇಳಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕಾಯದೆ ಬಳಿದರೆ ಕೊಳೆಯನ್ನು ಒಳಗೇ ಮುಚ್ಚಿಟ್ಟಂತೆ.

“ಹಳೇ ಎಂಜಿನ್ ಬಿಸಾಕಿ, ಇಂಜೆಕ್ಷನ್ ಇರೋ ಹೊಸದು ಹಾಕಿಬಿಡಿ” ಅನ್ನುವವರಿದ್ದಾರೆ. ಬರೀ ಶೋಕಿಗೆ ಓಡಿಸುವ ಬೋಟಾದರೆ ನನ್ನ ತಕರಾರಿಲ್ಲ. ಆದರೆ ದಾಖಲೆಯಿರುವ ರೇಸ್ ಬೋಟಿನ ಮೂಲ ಬ್ಲಾಕ್ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಅಂದಿನ ಅಷ್ಟೂ ಕುದುರೆಶಕ್ತಿ ಇಂದು ಬೇಡ. ಅವು ಒಂದು ದಿನದ ಓಟಕ್ಕೆ ಕಟ್ಟಿದ ಎಂಜಿನ್‌ಗಳು, ಮಾರನೆಯ ದಿನ ಬಿಚ್ಚುವವರು ಇದ್ದರು. ನಾನು ಕಂಪ್ರೆಷನ್ ತುಸು ಇಳಿಸಿ, ಸಾಧು ಕ್ಯಾಮ್ ಹಾಕಿ, ತೆಗೆದ ಮೂಲ ಕ್ಯಾಮಿಗೆ ಗ್ರೀಸ್ ಬಳಿದು ಡಬ್ಬಿಯಲ್ಲಿಟ್ಟು ಮಾಲೀಕರಿಗೇ ಕೊಡುತ್ತೇನೆ. ಕಾರಿನ ಅಂಗಡಿಯಿಂದ ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪ್ ತಂದು ಹಾಕುವುದು ಮಾತ್ರ ಖಂಡಿತ ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂರುತ್ತದೆ. ಬೋಟಿನವು ಕಿಡಿ ಹೊರಬರದಂತೆ ಮುಚ್ಚಿದ ಭಾಗಗಳು. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಿಸಿ ಆ ಆವಿ ಹೊರಹಾಕುವುದೂ ಅದಕ್ಕೇ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಬರುತ್ತಿದೆ. ಅದು ಹಳೆಯ ರಬ್ಬರ್ ಪೈಪನ್ನೂ ಫೈಬರ್ ಟ್ಯಾಂಕನ್ನೂ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಪೈಪು ಎಲ್ಲ ಬದಲಿಸಿಯೇ ಕೊಡುತ್ತೇನೆ.

ಓಡಿಸುವ ಕೈಯ ಬಗ್ಗೆಯೂ ಒಂದು ಮಾತು. ದೊಡ್ಡ ಓಟಗಳಲ್ಲಿ ಚುಕ್ಕಾಣಿಗೆ ಒಬ್ಬ, ಥ್ರಾಟಲಿಗೇ ಬೇರೊಬ್ಬ. ಬೋಟು ಅಲೆಯಿಂದ ಹಾರಿ ಫ್ಯಾನ್ ನೀರು ಬಿಟ್ಟ ಕ್ಷಣ ಹೊರೆಯೇ ಇಲ್ಲದೆ ಎಂಜಿನ್ ಕಿರುಚುತ್ತದೆ. ಅಷ್ಟರಲ್ಲಿ ಥ್ರಾಟಲ್ ಎಳೆದಿರಬೇಕು. ಎಳೆಯದೆ ಹಾಗೇ ನೀರಿಗೆ ಬಿದ್ದರೆ ಗೇರಿನ ಹಲ್ಲು ಉದುರುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಅಳಿವೆ ದಾಟುವಾಗ ನಮ್ಮ ತಾಂಡೇಲರು, ಅಂದರೆ ಬೋಟು ನಡೆಸುವವರು, ಅಲೆಯ ನೆತ್ತಿಯಲ್ಲಿ ಎಂಜಿನ್ ಇಳಿಸಿ, ಇಳಿಜಾರಿನಲ್ಲಿ ಮತ್ತೆ ಏರಿಸುವುದನ್ನು ನೋಡಿ ಬೆಳೆದವನು ನಾನು. ಆ ಕೈಗೆ ಕೌಸ್‌ನಲ್ಲಿ ಕಪ್ ಸಿಗುತ್ತಿತ್ತು.

ಬೋಟು ನೀರಿಗಿಳಿಸಿದ ಮೇಲೆ ಎರಡು ದಿನ ಹಾಗೇ ಬಿಡುತ್ತೇನೆ. ನೆಲದ ಮೇಲಿದ್ದಾಗಿನ ಆಕಾರ ನೀರಲ್ಲಿ ಇರುವುದಿಲ್ಲ, ತಳ ತುಸು ಮಿಸುಕುತ್ತದೆ. ನೇರ ಶಾಫ್ಟಿನ ಬೋಟಾದರೆ ಆಮೇಲೆ ಎಂಜಿನ್ನಿಗೂ ಶಾಫ್ಟಿಗೂ ನಡುವಿನ ಜೋಡಣೆಯಲ್ಲಿ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ ನಾಲ್ಕು ದಿಕ್ಕಿನಲ್ಲೂ ಅಳೆಯಬೇಕು. ನಾಲ್ಕಿಂಚಿನ ಫ್ಲ್ಯಾಂಜಿಗೆ (ಜೋಡಣೆಯ ಬಿಲ್ಲೆಗೆ) ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ಆಮೇಲೆ ಒಂದು ತಾಸಿನ ಓಟ. ಮಾಲೀಕರು ಸ್ಪೀಡೋಮೀಟರ್ ನೋಡುತ್ತಿರುತ್ತಾರೆ, ನಾನು ಹ್ಯಾಚ್ ತೆಗೆದು ರೈಸರ್ ಮೇಲೆ ಕೈ ಇಟ್ಟಿರುತ್ತೇನೆ. ಕೈ ಇಡುವಷ್ಟು ಬಿಸಿ ಇದ್ದರೆ ನೀರು ಸರಿಯಾಗಿ ಹರಿಯುತ್ತಿದೆ.

ಅವತ್ತೇ ಕೀಲಿ ಕೊಡುವುದಿಲ್ಲ. ಮಾರನೆಯ ಬೆಳಿಗ್ಗೆ, ಎಂಜಿನ್ ಪೂರ್ತಿ ತಣಿದ ಮೇಲೆ, ಎಂಟೂ ಪ್ಲಗ್ ಮತ್ತೆ ಬಿಚ್ಚಿ ಅದೇ ಟವೆಲ್ ಹಿಡಿದು ಕೈಯಲ್ಲಿ ತಿರುಗಿಸುತ್ತೇನೆ. ಟವೆಲ್ ಒಣಗಿದ್ದರೆ ಮಾಲೀಕರಿಗೆ ಫೋನು.