ದಿನ ತುಂಬದ ಕೂಸಿನ ಕಣ್ಣು: ಎಂಬತ್ತು ವರ್ಷಗಳ ಹುಡುಕಾಟ

ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ‘ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ’ ಅನ್ನುತ್ತೇವೆ. ಆ ಪೆಟ್ಟಿಗೆಗೆ ಹರಿಸುತ್ತಿದ್ದ ಆಮ್ಲಜನಕವೇ ಒಂದು ಕಾಲಕ್ಕೆ ಸಾವಿರಾರು ಮಕ್ಕಳ ಕಣ್ಣು ಕಳೆಯಿತು.

1942ರಲ್ಲಿ ಬಾಸ್ಟನ್ನಿನ ನೇತ್ರತಜ್ಞ ಥಿಯೋಡರ್ ಟೆರಿ, ಇಂಥ ಮಕ್ಕಳ ಕಣ್ಣಿನ ಮಸೂರದ ಹಿಂದೆ ಬಿಳಿ ಪೊರೆ ಕಟ್ಟುವುದನ್ನು ವರದಿ ಮಾಡಿದರು. ಕಾರಣ ಗೊತ್ತಿರಲಿಲ್ಲ. ಒಳ್ಳೆಯ ಸೌಲಭ್ಯವಿದ್ದ ಆಸ್ಪತ್ರೆಗಳಲ್ಲೇ ಕಾಯಿಲೆ ಹೆಚ್ಚಾಗಿ ಕಾಣುತ್ತಿತ್ತು. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಆಮ್ಲಜನಕ ಧಾರಾಳವಾಗಿ ಕೊಡುತ್ತಿದ್ದ ಕಡೆಯ ಮಕ್ಕಳನ್ನೂ ಮಿತವಾಗಿ ಕೊಡುತ್ತಿದ್ದ ಕಡೆಯ ಮಕ್ಕಳನ್ನೂ ಹೋಲಿಸಿ ನೋಡಿದರು. ಆಮ್ಲಜನಕದ ಮೇಲಿನ ಅವರ ಅನುಮಾನವನ್ನು ಅಮೆರಿಕದ 18 ಆಸ್ಪತ್ರೆಗಳ ಅಧ್ಯಯನ ಕೆಲವೇ ವರ್ಷಗಳಲ್ಲಿ ಖಚಿತಪಡಿಸಿತು. ಅಷ್ಟರಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು.

ಹೆದರಿದ ಆಸ್ಪತ್ರೆಗಳು ಆಮ್ಲಜನಕವನ್ನು ಬಿಗಿ ಹಿಡಿದವು. ಕುರುಡುತನ ಇಳಿಯಿತು, ಉಸಿರು ಸಾಲದೆ ಸಾಯುವ ಮಕ್ಕಳು ಹೆಚ್ಚಾದರು. ಒಂದು ಮಗುವಿನ ಕಣ್ಣು ಉಳಿಸಲು ಸುಮಾರು 16 ಮಕ್ಕಳು ಜೀವ ತೆತ್ತಿರಬಹುದೆಂದು 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಅಂದಾಜಿಸಿದರು. ಈ ಲೆಕ್ಕ ಓದಿದಾಗಲೆಲ್ಲ ಎದೆ ಭಾರವಾಗುತ್ತದೆ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲೂ ಅದೇ ಇಕ್ಕಟ್ಟು: ರಕ್ತದ ಆಮ್ಲಜನಕದ ಮಟ್ಟವನ್ನು ಶೇ. 91–95ರ ಬದಲು ಶೇ. 85–89ರಲ್ಲಿ ಇಟ್ಟಾಗ ಕಣ್ಣಿನ ತೊಂದರೆ ತಗ್ಗಿತು, ಸಾವು ಹೆಚ್ಚಿತು.

ಆಗುವುದಿಷ್ಟು. ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾದ ರಕ್ತನಾಳಗಳು ಗರ್ಭದಲ್ಲಿ ನಡುವಿನಿಂದ ಅಂಚಿನತ್ತ ಹಬ್ಬುತ್ತ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಪೂರ್ತಿಯಾಗುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ, ಅದರಲ್ಲೂ ಆಮ್ಲಜನಕ ಅತಿಯಾದಾಗ, ಅವು ಅರ್ಧಕ್ಕೇ ನಿಲ್ಲುತ್ತವೆ. ರಕ್ತ ತಲುಪದ ಭಾಗ ವಿಇಜಿಎಫ್ ಎಂಬ ಪ್ರೋಟೀನನ್ನು ಅತಿಯಾಗಿ ಸುರಿಸುತ್ತದೆ. ಆಗ ಅಡ್ಡಾದಿಡ್ಡಿ ನಾಳಗಳು ಚಿಗುರಿ ರೆಟಿನಾವನ್ನೇ ಕಿತ್ತೆಳೆಯುತ್ತವೆ. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ), ಅಂದರೆ ದಿನ ತುಂಬದ ಮಕ್ಕಳ ರೆಟಿನಾ ಕಾಯಿಲೆ.

ಮೊದಲು ರಕ್ತ ತಲುಪದ ಆ ಭಾಗವನ್ನು ಅತಿಶೀತದಿಂದ ಸುಡುತ್ತಿದ್ದರು, ಆಮೇಲೆ ಲೇಸರ್ ಬಂತು. 2011ರಲ್ಲಿ ಬೆವಾಸಿಜುಮಾಬ್, 2019ರಲ್ಲಿ ರಾನಿಬಿಜುಮಾಬ್ ಇಂಜೆಕ್ಷನ್‌ಗಳ ಅಧ್ಯಯನಗಳು ಪ್ರಕಟವಾದವು. 2023ರಲ್ಲಿ ಅಮೆರಿಕ ಅಫ್ಲಿಬರ್ಸೆಪ್ಟ್‌ಗೆ ಅನುಮತಿ ಕೊಟ್ಟಿತು. ವಿಇಜಿಎಫ್ ಅನ್ನೇ ತಡೆಯುವ ಈ ಮದ್ದುಗಳಿಂದ ರೆಟಿನಾದ ಅಂಚು ಸುಡುವುದು ತಪ್ಪುತ್ತದೆ. ಆದರೆ ವಾರಗಳು, ತಿಂಗಳುಗಳ ನಂತರ ಕಾಯಿಲೆ ಮರುಕಳಿಸಬಹುದು. ಮತ್ತೆ ಮತ್ತೆ ಆಸ್ಪತ್ರೆಗೆ ಬರಲಾಗದ ಕುಟುಂಬಕ್ಕೆ ಈಗಲೂ ಲೇಸರೇ ಹೆಚ್ಚು ಭದ್ರ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಒಂದೂವರೆ ಕಿಲೋ ಮೀರಿದ ಮಕ್ಕಳಿಗೂ ಇದು ಬರುತ್ತದೆ. ಹಾಗಾಗಿ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಎಲ್ಲ ಮಕ್ಕಳಿಗೂ 30 ದಿನದೊಳಗೆ ತಪಾಸಣೆ ಆಗಬೇಕು. ತೀರಾ ಬೇಗ ಹುಟ್ಟಿದವರಿಗೆ ಎರಡು-ಮೂರು ವಾರದೊಳಗೇ. ಜಿಲ್ಲೆಗಳಲ್ಲಿ ಇದನ್ನು ಮಾಡುವ ತಜ್ಞರು ವಿರಳ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಯೋಜನೆ ಶುರುಮಾಡಿದ್ದು ಇದಕ್ಕಾಗಿಯೇ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಎನ್‌ಐಸಿಯುಗಳಿಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ) ಹೋಗುತ್ತಾರೆ. ಪಾಪೆ ಹಿಗ್ಗಲು ಹನಿ ಹಾಕಿ, ಪುಟ್ಟ ಕ್ಲಿಪ್ಪಿನಿಂದ ರೆಪ್ಪೆ ಬಿಡಿಸಿ, ರೆಟಿನಾದ ಚಿತ್ರ ತೆಗೆದು ಕಳಿಸುತ್ತಾರೆ. ದೂರದಲ್ಲಿ ಕೂತ ತಜ್ಞರು ನೋಡಿ ಹೇಳುತ್ತಾರೆ.

ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಪಾಪೆ ಬೆಳ್ಳಗಾದ ಮೇಲೆ ಕರೆತಂದರೆ ಲೇಸರ್, ಇಂಜೆಕ್ಷನ್ ಎರಡಕ್ಕೂ ಹೊತ್ತು ಮೀರಿರುತ್ತದೆ. ಮಗುವನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ತಪಾಸಣೆಯ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.